ರೂವಿಯಲ್ಲಿ ಏಲಂ

ಊರಿನ ದೇವಾಲಯ ಸುಟ್ಟುಹೋದ ಮೂರನೇ ಶುಕ್ರವಾರ
ರೂವಿಯ ನಮ್ಮ ಫ್ಲ್ಯಾಟಿನಲ್ಲಿ ಏಲಂ.
ಇಲ್ಲಿ ಶುಕ್ರವಾರವೇ ಭಾನುವಾರ. ಹದಿನೇಳು ವರ್ಷದಲ್ಲಿ
ನನಗಾದ ಅಭ್ಯಾಸ ದೇವರಿಗೂ ಆಗಿರಬೇಕು.
ಪರದೆ ಎಳೆದು, ಸೋಫಾವನ್ನು ಬಾಲ್ಕನಿಗೆ ದಬ್ಬಿ,
ಚಾಪೆ ಹಾಸಿದೆವು.
ಚಪ್ಪಲಿಗಳ ಸಾಲು ಲಿಫ್ಟಿನ ಬಾಗಿಲವರೆಗೆ.

ಏಲಕ್ಕೆ ಬಂದದ್ದು ಸಲಾಲಾದ ಒಂದು ಬಾಳೆಗೊನೆ,
ಸುಗುಣಾ ಸಾಲಿನ್ಸ್ ಹಾಕಿದ ಮಿಡಿ ಉಪ್ಪಿನಕಾಯಿ,
ಯಾರೋ ಹೆಣೆದ ಟೊಪ್ಪಿ (ಈ ಸೆಕೆಯಲ್ಲಿ, ಉಣ್ಣೆಯದು!),
ಮತ್ತೆ ಒಂದೇ ಒಂದು ತೆಂಗಿನಕಾಯಿ,
ಅದೂ ಸಲಾಲಾದ್ದೇ, ಜುಟ್ಟು ಬಿಟ್ಟು ಸುಲಿದದ್ದು.

ಕೂಗುವವರು ಜಯಕರ ಅಮ್ಮನ್ನ.
ವಾರವಿಡೀ ಕ್ರೇನಿನ ಮೇಲೆ ಕೂತು ಮಾತೇ ಆಡದ ಮನುಷ್ಯ,
ಏಲಂ ಅಂದರೆ ಹೊಸಫಲದ ಹಬ್ಬವೇ ಮೈಮೇಲೆ ಬರುತ್ತದೆ.
"ಒಂದು ರಿಯಾಲ್ ಒಂದು ಸಲ!
ಹೆಂಚಿಗೆ ಸಾಲದು ಸ್ವಾಮಿ, ಹೆಂಚಿನ ಹುಡಿಗೂ ಸಾಲದು!"
ಗೊನೆ ಹದಿನಾಲ್ಕಕ್ಕೆ ಹೋಯಿತು, ಕೊಂಡವರು ವಾಪಸು ಕೊಟ್ಟರು,
ಮತ್ತೆ ಹನ್ನೊಂದಕ್ಕೆ ಹೋಯಿತು; ಅಷ್ಟರಲ್ಲಿ
ಕೆಳಗಿನ ಚಿಪ್ಪು ಮಕ್ಕಳ ಹೊಟ್ಟೆ ಸೇರಿತ್ತು.

ರಶೀದಿ ಬರೆಯುವವಳು ನಾನು.
ನರ್ಸಿನ ಅಕ್ಷರ, ಡಾಕ್ಟರರಷ್ಟು ಕೆಟ್ಟದ್ದಲ್ಲ.

ತೆಂಗಿನಕಾಯಿಗೆ ಮೊದಲ ಸವಾಲು ಐನೂರು ಬೈಸ.
ಹಿಂದಿನ ಗೋಡೆಗೊರಗಿದ್ದ ಗಿದ್ಯೋನ ಕುಂದರ್
ಕೈ ಎತ್ತಿದ. "ನಲವತ್ತು."
ನಕ್ಕರು. ಬೈಸ ಎಂದೇ ಎಲ್ಲರೂ ತಿಳಿದದ್ದು.
"ರಿಯಾಲು," ಅಂದ.
ಬರ್ಕಾದ ಕ್ಯಾಂಪಿನ ಎಲೆಕ್ಟ್ರಿಶನ್, ಸಂಬಳ ನೂರ ಹತ್ತು.
ಮೂರು ಸಲ ಎನ್ನಲು ಅಮ್ಮನ್ನರಿಗೆ ಗಂಟಲು ಬರಲಿಲ್ಲ.
ಯಾರೋ ಚಪ್ಪಾಳೆ ತಟ್ಟಿದರು.
ಅವನು ಕಾಯಿ ಮುಟ್ಟಲಿಲ್ಲ.

ಅಡಿಗೆಮನೆಗೆ ಬಂದ. ನೋಟು ಎಣಿಸಿ ಫ್ರಿಜ್ಜಿನ ಮೇಲಿಟ್ಟ.
"ಹೆಸರು ಬರೆಯಬೇಡಿ ಅಕ್ಕ."
ಮತ್ತೆ, ನಳ್ಳಿಯ ಕಡೆ ನೋಡುತ್ತ:
"ವೀಸಾ ಬಂದಿತ್ತು. ಮರುದಿನವೇ ಮುಂಬಯಿಯ ಬಸ್ಸು.
ಪ್ರಸಂಗಪೀಠದ ಹಿಂದೆ ಒಂದು ಜಾಯಿಂಟು ಉಳಿದಿತ್ತು,
ಕಪ್ಪು ಟೇಪು ಮುಗಿದಿತ್ತು.
ಗಾಯಕ್ಕೆ ಹಾಕುವ ಬಿಳಿ ಪ್ಲಾಸ್ಟರು ಸುತ್ತಿ ಹೋದೆ.
ರಜೆಗೆ ಬಂದಾಗ ಸರಿಮಾಡಿದರಾಯಿತು ಅಂತ.
ಹತ್ತೊಂಬತ್ತು ವರ್ಷ ಅಕ್ಕ.
ಪ್ರತಿ ರಜೆಯಲ್ಲೂ ಬೆಂಚಿನಲ್ಲಿ ಕೂತು
ಆ ಗೋಡೆಯನ್ನೇ ನೋಡಿ ಎದ್ದು ಬಂದೆ."

ಸಭಾಪಾಲಕರ ಪತ್ರದಲ್ಲಿದ್ದದ್ದು ಇಷ್ಟೇ:
ವಯರಿನ ದೋಷವಿರಬಹುದು.
ಇರಬಹುದು. ಇಲಿ ಕಡಿದಿರಬಹುದು,
ಯಾರೋ ಆರಿಸದೆ ಬಿಟ್ಟ ಮೇಣದಬತ್ತಿ ಇರಬಹುದು,
ಸಿಡಿಲಿರಬಹುದು ಮಾರಾಯ.
ಇಷ್ಟೆಲ್ಲ ಹೇಳಿದೆ. ಹೇಳದೆ ಉಳಿದದ್ದು:
ಮಿಷನ್ ಆಸ್ಪತ್ರೆಯ ಡ್ರೆಸ್ಸಿಂಗ್ ಕೋಣೆ, ಮುಸ್ಸಂಜೆ,
ಕಿಟಕಿಯ ಹೊರಗೆ ಒಬ್ಬ ಹುಡುಗ, ಕೈಯಲ್ಲಿ ಇಕ್ಕುಳ,
"ಸಿಸ್ಟರ್, ಅಂಟುವಂಥದ್ದು ಏನಾದರೂ ಇದೆಯಾ?"
ಟ್ರೇಯಿಂದ ನಾನು ಎಸೆದ ಸುರುಳಿ.
ಒಂದೇ ಕೈಯಲ್ಲಿ ಹಿಡಿದಿದ್ದ. ಇಬ್ಬರೂ ನಕ್ಕಿದ್ದೆವು.

ಅವನಿಗೆ ನೆನಪಿಲ್ಲ.
ಅಥವಾ ಇದೆ; ಅದಕ್ಕೇ
ಅಷ್ಟು ಜನರಲ್ಲಿ ನನ್ನ ಬಳಿ ಬಂದ.

ರಶೀದಿ ಐವತ್ತೆರಡು: ಸಭೆಯ ಒಬ್ಬರು. ನಲವತ್ತು.
ರಶೀದಿ ಐವತ್ತಮೂರು: ಸಭೆಯ ಒಬ್ಬರು. ನಲವತ್ತು.
ಎರಡನೆಯದು ಯಾರೆಂದು ಅಮ್ಮನ್ನ ಕೇಳಿದರು.
ಕಾರ್ಬನ್ ಹಾಳೆ ಸರಿಯಿಲ್ಲ, ಎರಡು ಸಲ ಬಿದ್ದಿದೆ ಎಂದೆ.
ಹಣ ಮಾತ್ರ ಎಣಿಕೆಗೆ ಸರಿಯಾಗಿ ಬಂತು;
ಅವರು ಮತ್ತೆ ಕೇಳಲಿಲ್ಲ.

ತೆಂಗಿನಕಾಯಿ ಫ್ರಿಜ್ಜಿನ ಮೇಲೆ ಹಾಗೇ ಇದೆ.
ಅಲುಗಿಸಿದರೆ ಇನ್ನೂ ನೀರಿನ ಸದ್ದು.

ನಿನ್ನೆ ಊರಿಂದ ಅಂದಾಜುಪಟ್ಟಿ ಬಂತು.
ಪಕ್ಕಾಸು, ರೀಪು, ಹೆಂಚು ಆರು ಸಾವಿರ,
ಗಂಟೆಗೆ ಹೊಸ ನಾಲಗೆ, ಬಣ್ಣ, ಬಡಗಿಯ ಕೂಲಿ.
ವಯರಿಂಗ್ ಎಂದು ಒಂದೇ ಸಾಲು.
ಅದರ ಕೆಳಗಿನ ಸಂದಿಯಲ್ಲಿ, ನನ್ನದೇ ಅಕ್ಷರದಲ್ಲಿ ಸೇರಿಸಿದೆ:
ಇನ್ಸುಲೇಷನ್ ಟೇಪ್, ಕಪ್ಪು, ಹನ್ನೆರಡು ಸುರುಳಿ.
ದರ ಗೊತ್ತಿರಲಿಲ್ಲ.
ಬರ್ಕಾಕ್ಕೆ ಫೋನು ಮಾಡಿ ಕೇಳಿದೆ.