ಬೇಲಿಯ ಮೇಲೆ ಬಿದ್ದದ್ದು

ಗಾಳಿ ನಿಂತ ಮೇಲೆ ನೋಡಿದರೆ ಬೇಲಿಗೆ ಅಡ್ಡಡ್ಡ:
ಬೇರು ಉರ್ಮಾಸನ ಕಡೆ, ನೆತ್ತಿ ನಮ್ಮ ಕಡೆ.
ಎಲೆಯಿಲ್ಲ. ಎಸ್ಟೋನಿಯದ ಜನವರಿಯಲ್ಲಿ
ಯಾವ ಮರವೂ ತನ್ನ ಹೆಸರು ತಾನೇ ಹೇಳುವುದಿಲ್ಲ.

"ಆಶ್ ಮರ," ಎಂದ ನನ್ನ ಗಂಡ ಕಾಲ್ಯು,
"ಹಸಿಯಿದ್ದರೂ ಉರಿಯುತ್ತೆ. ಎರಡು ಚಳಿಗಾಲ ದಾಟಿಸುತ್ತೆ."
"ಆಶ್ ಆದರೆ ಬೇರಿದ್ದವನದು," ಎಂದ ಉರ್ಮಾಸ್
ಕೊಡಲಿಯ ಕಾವು ಸವರುತ್ತ.
ನಾನೊಂದು ಕಡ್ಡಿ ಮುರಿದೆ. ಮೊಗ್ಗುಗಳು
ಎದುರುಬದುರಾಗಿರಲಿಲ್ಲ, ಕಪ್ಪಗೂ ಇರಲಿಲ್ಲ.
ಹೇಳಲಿಲ್ಲ.
ಗಂಡಸರ ಜಗಳಕ್ಕೂ ಒಂದಿಷ್ಟು ಕಾವು ಇರುತ್ತದೆ.

ಕೊನೆಗೆ ಚಕ್ಕೆ ಹಿಡಿದು ಸಲ್ಮೆ ಅಜ್ಜಿಯ ಬಳಿ.
ಕಣ್ಣು ಹೋಗಿ ಒಂಬತ್ತು ವರ್ಷ. ಅಂಗೈಯಲ್ಲಿ ತೂಗಿದಳು,
ಉಗುರಲ್ಲಿ ಕೆರೆದಳು, ಮೂಸಿದಳು,
ಆಮೇಲೆ ನಾಲಿಗೆ ಚಾಚಿ ತೊಗಟೆ ನೆಕ್ಕಿದಳು.
"ಕಹಿ. ಆಸ್ಪೆನ್ ಕಣ್ರೋ!
ಭಗ್ಗನೆ ಹೊತ್ತಿ ತಟ್ಟನೆ ಆರುವ ಜಾತಿ.
ಚಿಮಣಿಯ ಮಸಿ ಕಳೆಯಲು ಆದೀತು, ರೊಟ್ಟಿ ಬೇಯದು."

ಚಕ್ಕೆಯನ್ನು ಮಾತ್ರ ವಾಪಸು ಕೊಡಲಿಲ್ಲ.
"ಆಗ ನನಗೆ ಏಳು ವರ್ಷ, ಜ್ವರ...
ಅಮ್ಮ ಇದನ್ನೇ ಕುದಿಸಿ..." ಎಂದವಳು
ಒಲೆಯ ಕಡೆ ಮುಖ ತಿರುಗಿಸಿದಳು.

ದಾರಿಯಲ್ಲಿ ಕಾಲ್ಯು: "ಬೇರು ನಿನ್ನದಲ್ಲವೇನಯ್ಯ, ನೀನೇ ತಗೋ."
ಉರ್ಮಾಸ್: "ಛೆ, ಬಿದ್ದದ್ದು ನಿಮ್ಮ ಕಡೆ."

ಮರ ಇನ್ನೂ ಅಲ್ಲೇ ಇದೆ. ರಾತ್ರಿ ಮೊಲಗಳು ಬಂದು
ಈಚೆ ಆಚೆ ಎನ್ನದೆ ತೊಗಟೆ ತಿಂದು ಹೋಗಿವೆ.
ಬೆಳಗಿನ ಹಿಮದಲ್ಲಿ
ಬರಿಮೈಯ ಕೊಂಬೆಗಳು,
ಬೇಲಿಯ ಕೆಳಗೆ ನುಸುಳಿದ ಪುಟ್ಟ ಹೆಜ್ಜೆಗಳು.