ಇಲ್ಲ ಎಂಬ ಭಾಷೆ

ಮನಿಲಾದಲ್ಲಿ ಆರು ವಾರ ಟಗಾಲೊಗ್ ಕಲಿಸಿದ್ದರು.
ಪಾಪ, ಪಶ್ಚಾತ್ತಾಪ, ನಿತ್ಯಜೀವ
ಎಲ್ಲಕ್ಕೂ ಪದ ಬಾಯಿಪಾಠ.
ಸಾಮಾರ್ ದ್ವೀಪದ ದಂಡೆಯಲ್ಲಿ ಲಾರಿಯಿಂದ ಇಳಿದರೆ
ಇಲ್ಲಿಯವರ ಮಾತೇ ಬೇರೆ,
ನನಗೆ ಬೇಕಾದ ಪದಗಳೇ ಬೇರೆ:
ಗುದ್ದಲಿಗೆ ಏನನ್ನುತ್ತಾರೆ, ಮೊಳೆಗೆ ಏನು,
‘ಗಟ್ಟಿ ಹಿಡಿ, ಬಿಡಬೇಡ’ ಅನ್ನಬೇಕಾದರೆ ಏನು.

ಬಿರುಗಾಳಿ ಹೋಗಿ ಒಂಬತ್ತು ದಿನ.
ತೆಂಗೆಲ್ಲ ಒಂದೇ ದಿಕ್ಕಿಗೆ ಮಲಗಿತ್ತು
ಬಾಚಣಿಗೆ ಎಳೆದ ಹಾಗೆ.
ಟೋಂಗಾದವನು ನಾನು, ಹತ್ತೊಂಬತ್ತು ವರ್ಷ,
ತೆಂಗು ಗೊತ್ತು, ಕಡಲು ಗೊತ್ತು.
ಕಡಲು ಬಂದು ಶಾಲೆಯ ಬೆಂಚಿನ ಮೇಲೆ
ಕೂತೆದ್ದು ಹೋದದ್ದು ಮಾತ್ರ ಗೊತ್ತಿರಲಿಲ್ಲ.

ಎದೆಯ ಬಿಲ್ಲೆಯ ಮೇಲೆ ‘ಎಲ್ಡರ್ ವೈನಿಕೋಲೊ’.
ಎಲ್ಡರ್ ಅಂದರೆ ಹಿರಿಯ ಎಂದು ಯಾರೋ ಬಿಡಿಸಿ ಹೇಳಿದ್ದಕ್ಕೆ
ಎಂಬತ್ತೆರಡರ ತಿಯೋಫಿಸ್ತಾ ನಕ್ಕಳು.
ಗಾಳಿ ಬಂದ ಮೇಲೆ ಅವಳು ನಕ್ಕಿದ್ದು ಅದೇ ಮೊದಲಂತೆ.
ಅದನ್ನೇ ನನ್ನ ಮೊದಲ ಸೇವೆ ಎಂದು ಬರೆದುಕೊಳ್ಳಬಹುದಿತ್ತು.

ಕೈಸನ್ನೆಯಲ್ಲಿ ಕೇಳಿದೆ. ಮನೆ?
ವರಾಯ್.
ದೋಣಿ?
ವರಾಯ್.
ಫೋಟೋದಲ್ಲಿ ಹುಂಜ ಹಿಡಿದು ನಿಂತ ಇವನು, ಅಳಿಯ ಕ್ರಿಸ್ಪುಲೊ?
ಕಡಲ ಕಡೆ ತಿರುಗಿ ಅದನ್ನೇ ಅಂದಳು,
ನಿದ್ದೆಯಲ್ಲಿರುವ ಯಾರೋ ಎದ್ದಾರು ಎಂಬಷ್ಟು ಮೆಲ್ಲಗೆ.

ರಾತ್ರಿ ಜೊತೆಗಾರ ಅಗ್ಬಯಾನಿ ಹೇಳಿದ:
ವರಾಯ್ ಅಂದರೆ ಇಲ್ಲ.
ಈ ಭಾಷೆಯ ಹೆಸರೂ ಅದೇ, ವರಾಯ್.
ಟಾರ್ಪಾಲಿನಡಿ ಅಂಗಾತ ಮಲಗಿ ಯೋಚಿಸಿದೆ:
‘ಇಲ್ಲ’ ಎಂಬ ಭಾಷೆಯವರಿಗೆ
‘ಇದ್ದಾನೆ’ ಎಂದು ಹೇಳಲು
ಕಡಲು ದಾಟಿ ಬಂದಿದ್ದೇನೆ.
ಸೊಳ್ಳೆ ಹಾಗೂ ನಾನು, ಇಬ್ಬರೂ ಮಲಗಲಿಲ್ಲ.

ಎರಡನೇ ವಾರವೆಲ್ಲ ಮೊಳೆ.
ಮುರಿದ ಹಲಗೆಯಿಂದ ಕಿತ್ತು ತಂದು ಸುರಿದರೆ
ತಿಯೋಫಿಸ್ತಾ ಕಲ್ಲಿನ ಮೇಲಿಟ್ಟು ಒಂದೊಂದನ್ನೇ
ಬಡಿದು ನೆಟ್ಟಗೆ ಮಾಡುವಳು,
ತೀರಾ ಸೊಟ್ಟಗಿದ್ದದ್ದನ್ನೂ ಎಸೆಯಳು.
ನಾನೂ ಬಡಿದೆ, ಹೆಬ್ಬೆರಳಿಗೆ.
ಬಾಯಿಂದ ಬಂದದ್ದು ಪ್ರಾರ್ಥನೆಯಲ್ಲ, ಟೋಂಗಾದ ಬೈಗುಳ.
ನಾನಾಡಿದ್ದರಲ್ಲಿ ಅವಳಿಗೆ ಪೂರ್ತಿ ಅರ್ಥವಾದ ಮಾತು ಅದೊಂದೇ.

ಟೈ ಬಿಚ್ಚಿ ಯಾರದೋ ಬಾಗಿಲಿಗೆ ಕಟ್ಟಿದೆ.
ನೆನೆದು ಮುದ್ದೆಯಾದ ಕರಪತ್ರಗಳನ್ನು
ಒಲೆ ಕೂಡ ಒಲ್ಲೆನೆಂದಿತು.

ಮೊಮ್ಮಗಳು ಜೆನಲಿನ್, ಏಳು ವರ್ಷದವಳು,
ನನ್ನಿಂದ ಯಾವಾಗಲೂ ನಾಲ್ಕು ಹೆಜ್ಜೆ ದೂರ.
ಕೊನೆಗೆ ಅಗ್ಬಯಾನಿಯ ಹತ್ತಿರ ಕೇಳಿದಳಂತೆ:
ಜನರನ್ನು ನೀರಲ್ಲಿ ಮುಳುಗಿಸುವವನು ಇವನೇನಾ?

ಹೌದು ಮಗು. ಮುಳುಗಿಸಿ, ತಕ್ಷಣ ಮೇಲೆತ್ತಬೇಕು;
ಅದನ್ನೇ ನನಗೆ ಕಲಿಸಿದ್ದು.
ನಿನ್ನ ಊರನ್ನು ಮುಳುಗಿಸಿದವರು ಯಾರೋ
ಎತ್ತುವುದನ್ನು ಮರೆತರು.
ಇದನ್ನು ಹೇಳಲು ನನಗೆ ಯಾವ ಭಾಷೆಯಲ್ಲೂ ಬರಲಿಲ್ಲ.
ಬಂದಿದ್ದರೂ ಹೇಳುತ್ತಿರಲಿಲ್ಲ.

ಮೂರನೇ ಸೋಮವಾರ, ಪುರಸಭೆಯ ಜನರೇಟರಿನ ಮುಂದೆ
ಫೋನ್ ಹಿಡಿದವರ ಸಾಲು.
ಅಮ್ಮನ ಸಂದೇಶ: ಎಷ್ಟು ಜನ ಬಂದರು, ಮಗನೆ?
ಹನ್ನೊಂದು ಸೂರು ಎಂದು ಬರೆದು ಅಳಿಸಿದೆ.
ಹವಾಮಾನ ಚೆನ್ನಾಗಿದೆ ಎಂದು ಬರೆದೆ.

ಆ ರಾತ್ರಿಯೇ ಮಳೆ.
ತಿಯೋಫಿಸ್ತಾಳ ಗುಡಿಸಲ ತಗಡಿನ ಮೇಲೆ
ಮೊದಲ ಹನಿ ಬಿದ್ದಾಗ ಎಲ್ಲರೂ ಉಸಿರು ಹಿಡಿದೆವು.
ಜೆನಲಿನ್ ಎದ್ದು ಬಂದು, ನನ್ನ ಪಕ್ಕದಲ್ಲಲ್ಲ,
ಪಕ್ಕದ ಪಕ್ಕದಲ್ಲಿ ಕೂತಳು.
ಅಜ್ಜಿ ಬೇಯಿಸಿದ ಗೆಣಸು ಕೊಟ್ಟಳು.
ಸಲಾಮತ್, ಅಂದೆ.
ವರಾಯ್ ಸಪಾಯನ್, ಅಂದಳು.

ಬೆಚ್ಚಿಬಿದ್ದೆ. ಇನ್ನೇನು ಹೋಯಿತು? ಇನ್ಯಾರು?
ಅಗ್ಬಯಾನಿ ಬಾಯ್ತುಂಬ ಗೆಣಸಿಟ್ಟುಕೊಂಡೇ ನಕ್ಕ:
ಏನಿಲ್ಲ ಮಾರಾಯ.
‘ಅದೇನಿಲ್ಲ ಬಿಡು’ ಅಂದಳು ಅಷ್ಟೆ.

ಮೂಲೆಯಲ್ಲಿ ಹಳೆಯ ಮೊಳೆಯ ತೂತೊಂದು ಸೋರುತ್ತಿತ್ತು.
ನಾನು ಹೊಡೆದ ತಗಡೇ.
ಅವಳು ಅದರ ಕೆಳಗೆ ಲೋಟವಿಟ್ಟು ಬಂದು
ನನ್ನ ಕಪ್ಪಾದ ಹೆಬ್ಬೆರಳನ್ನು ದೀಪಕ್ಕೆ ಹಿಡಿದು ನೋಡಿದಳು.