ಅಳತೆ ಪುಸ್ತಕ

ಭಾನುವಾರ ಹನ್ನೊಂದಾಯಿತೆಂದರೆ
ಮಂಡಿ ಮೊಹಲ್ಲದ ನನ್ನ ಅಂಗಡಿ ಕಟ್ಟೆಯ ಮೇಲೆ
ಮತ್ತೆ ಜೋಡಿ ಕಟ್ಟುತ್ತಾರೆ
ಗುಂಡುಕಲ್ಲು ಜವರಯ್ಯನಿಗೂ ನೀರುಹಾವು ಶಫಿಗೂ.

ಒಬ್ಬ ಮಣ್ಣಾಗಿ ನಲವತ್ತು ವರ್ಷ. ಇನ್ನೊಬ್ಬ
ಮಂಡಿಚಿಪ್ಪು ಸವೆದು, ಮಹಡಿ ಇಳಿಯಲಾರದೆ,
ಗಾಂಧಿನಗರದಲ್ಲಿ ಪಾರಿವಾಳಕ್ಕೆ ಜೋಳ ಚೆಲ್ಲುತ್ತ ಕೂತಿದ್ದಾನೆ.
ಆದರೂ ಈ ಕಟ್ಟೆಯ ಮೇಲೆ ಇಬ್ಬರಿಗೂ ಇಪ್ಪತ್ತೇಳು.
ತೊಡೆ ತಟ್ಟಿದರೆ
ಎದುರು ಬೇಕರಿಯ ಗಾಜು ನಡುಗುತ್ತದಂತೆ.

"ಜವರಯ್ಯ ನಿಂತ್ರೆ ನಿಂತ. ಎತ್ತು ಕಟ್ಟಿ ಎಳುದ್ರೂ
ಹಿಮ್ಮಡಿ ಏಳ್ತಿರ್ಲಿಲ್ಲ," ಅನ್ನುತ್ತಾನೆ ಸೌದೆ ಡಿಪೋ ನಿಂಗರಾಜು.
ಅವನು ಹುಟ್ಟಿದ್ದು ಜವರಯ್ಯ ಕುಸ್ತಿ ಬಿಟ್ಟ ಆರು ವರ್ಷಕ್ಕೆ.
"ನಿಂತವ್ನ ಕಾಲ್ಸಂದೀಲಿ ನುಗ್ಗಿ, ಆಚೆ ಬಂದು
ಬೆವ್ರು ಒರುಸ್ಕೊಂಡಿರ್ತಿದ್ದ ನಮ್ ಶಫಿ,
ಕಲ್ಲಿಗೆ ಗೊತ್ತಾಗೋದ್ರೊಳಗೆ," ಟಾಂಗಾ ಓಡಿಸುತ್ತಿದ್ದ ಮುನಾವರ್.
ಟೀ ಬರುತ್ತದೆ. ಟೀ ಆರುತ್ತದೆ.
ಹನ್ನೆರಡೂವರೆಗೆ ಇಬ್ಬರೂ ನನ್ನ ಕಡೆ ತಿರುಗುತ್ತಾರೆ:
"ನೀನು ಹೇಳಪ್ಪ, ಅಳತೆ ತಗೊಂಡೋನು."

ನಿಜ. ಜವರಯ್ಯನಿಗೆ ಅಪ್ಪ ಹೊಲಿದ, ಶಫಿಗೆ ನಾನು.
ಕುಸ್ತಿ ಚಡ್ಡಿ ಒಂದು ನೂಲು ಸಡಿಲಾದರೂ
ಎದುರಾಳಿಯ ಬೆರಳಿಗೆ ಅದೇ ಬಾಗಿಲು.
ರಟ್ಟು ಹರಿದ ಪುಸ್ತಕ ತೆರೆಯುತ್ತೇನೆ.
ನಲವತ್ತೊಂಬತ್ತರ ದಸರಾ. ಜವರಯ್ಯ. ಸೊಂಟ ಮೂವತ್ನಾಲ್ಕು,
ತೊಡೆ ಇಪ್ಪತ್ತೇಳೂಕಾಲು, ಅಪ್ಪನ ಪೆನ್ಸಿಲ್ಲಿನಲ್ಲಿ.
ಎಂಬತ್ತೊಂದು. ಶಫಿ. ಸೊಂಟ ಇಪ್ಪತ್ತೊಂಬತ್ತು,
ತೊಡೆ ಇಪ್ಪತ್ನಾಲ್ಕು. ಪಕ್ಕದಲ್ಲಿ ನನ್ನ ಅಕ್ಷರ:
ನಿಲ್ಲುವುದಿಲ್ಲ, ಕುಣಿಯುತ್ತಾನೆ.

ಟೇಪಿಗೇನು ಗೊತ್ತು?
ಅಳತೆ ಕೊಡುವಾಗ ಎಲ್ಲರೂ ಉಸಿರು ಹಿಡಿಯುತ್ತಾರೆ.
ಜವರಯ್ಯ ತನ್ನ ಪೂರಾ ಬಲದಲ್ಲಿದ್ದ ದಿನ ಯಾವುದು?
ದೊಡ್ಡಕೆರೆ ಮೈದಾನದಲ್ಲಿ ಗದೆ ಎತ್ತಿದ ದಿನವೇ ಆಗಬೇಕೆಂದಿಲ್ಲ.
ಆಷಾಢದ ಯಾವುದೋ ಮಂಗಳವಾರ
ಬೆಲ್ಲದ ಮಂಡಿಯಲ್ಲಿ ಬೆನ್ನ ಮೇಲೆ ಮೂಟೆಯಿರುವುದೇ ಮರೆತು
ಬೀದಿ ಕೊನೆಯವರೆಗೆ ನಡೆದು, ನೆನಪಾಗಿ,
ಒಬ್ಬನೇ ನಕ್ಕು ವಾಪಸು ಬಂದಿರಬಹುದು.
ಶಫಿಯನ್ನು ಕೇಳಿದರೆ
ತನ್ನದು ಇನ್ನೂ ಬಂದಿಲ್ಲ ಅನ್ನುತ್ತಾನೆ.

ಒಂದು ನನಗೆ ಗೊತ್ತು. ಕಟ್ಟೆಯವರಿಗೆ ಹೇಳಿಲ್ಲ.
ಅರವತ್ತೇಳನೇ ಇಸವಿ, ಬೆಳಗಿನ ಆರು.
ಹೊಲಿದ ಚಡ್ಡಿ ಕೊಡಲು ಗರಡಿಗೆ ಹೋದವನು
ಗಿಡ್ಡ ಬಾಗಿಲಲ್ಲಿ ಬಗ್ಗಿದವನು ಬಗ್ಗಿಯೇ ನಿಂತೆ.
ಹೊಟ್ಟೆ ಬಂದ ಜವರಯ್ಯ ಕೆಮ್ಮಣ್ಣಿನಲ್ಲಿ ಮಂಡಿಯೂರಿ
ಹದಿಮೂರರ ಹುಡುಗನಿಗೆ ಮಣಿಕಟ್ಟು ಕೊಟ್ಟಿದ್ದ: "ಎಳಿ."
ಹುಡುಗ ಎಳೆದ. ಎಳೆಯುವುದು ಬಿಟ್ಟು
ಸಟ್ಟನೆ ಒಳಗೆ ನುಗ್ಗಿದ.
ಕಲ್ಲು ಉರುಳಿತು. ಬೆನ್ನಿಗೆ ಮಣ್ಣು.
ಉಸ್ತಾದರ ಬಾಯಲ್ಲಿ ಬೇವಿನ ಕಡ್ಡಿ ಹಾಗೇ ನಿಂತಿತು.
ಜವರಯ್ಯ ಮಲಗಿದಲ್ಲೇ ಹೆಂಚು ನೋಡುತ್ತ
ಸ್ವಲ್ಪ ಹೊತ್ತು ಏಳಲಿಲ್ಲ.

ಬಿದ್ದನೋ, ಬಿದ್ದುಕೊಟ್ಟನೋ?
ಶಫಿ ಈಗಲೂ ಕೇಳುತ್ತಾನೆ, ರಂಜಾನಿಗೆ ಹೋದಾಗ.
ನಾನು ಶೀರ್ ಖುರ್ಮಾ ಬಾಯಿಗಿಟ್ಟುಕೊಳ್ಳುತ್ತೇನೆ.

ಆ ಸಂಜೆ ಹುಡುಗನ ಕಿವಿ ಹಿಡಿದು ಅಂಗಡಿಗೆ ಕರೆತಂದ.
ಮೊದಲ ಚಡ್ಡಿ. ದುಡ್ಡು ಜವರಯ್ಯನದು.
"ಒಳಗೆ ಎರಡಿಂಚು ಬಟ್ಟೆ ಬಿಡಿ, ಬೆಳೀತಾನೆ."
"ನಿಮ್ಮದೂ ತಗೊಳ್ಳಲಾ?" ಅಪ್ಪ ತಮಾಷೆಗೆ ಕೇಳಿದ.
ತೋಳೆತ್ತಿ ನಿಂತೇಬಿಟ್ಟ. ಸೊಂಟ ನಲವತ್ತೊಂದು.
ಉಸಿರು ಹಿಡಿಯಲಿಲ್ಲ.

ಎಡ ಪುಟದಲ್ಲಿ ಅವನ ಕೊನೆಯ ಅಳತೆ,
ಬಲದಲ್ಲಿ ಇವನ ಮೊದಲನೆಯದು.

"ಏನಪ್ಪ, ಯಾರ್ ಗೆಲ್ತಿದ್ರು?"
ಒಂದು ಗಂಟೆ. ಊಟದ ಹೊತ್ತು. ಪುಸ್ತಕ ಮುಚ್ಚುತ್ತೇನೆ.
ಎದೆಗೆ ಎದೆ ಕೊಟ್ಟು ಬಿದ್ದಿದ್ದಾರೆ ಕತ್ತಲಲ್ಲಿ.
ಹೀಗಿಟ್ಟರೆ ಜವರಯ್ಯ ಮೇಲೆ.
ಮಗುಚಿಟ್ಟರೆ ಶಫಿ.
ಬೀರುವಿನ ಮುಂದೆ ನಿಂತು
ಬೀಗದ ಕೈ ಹುಡುಕುತ್ತೇನೆ.